ನೆಲ ಸಿಗದ ಸ್ಟೆಪ್ನಿ

ಅಣ್ಣನ ಕಾಲು ಉದ್ದವಾದರೆ ತಮ್ಮನಿಗೆ ನೆಲ ಸಿಗಲ್ಲ, ಅವರ್ಯಾರು ಹೇಳಿ? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಗೊತ್ತಾಗಲ್ಲ.

ಗುಡ್ಡ ಹತ್ತುವ ಪಂದ್ಯ ಗೆಲ್ಲಲೇಬೇಕೆಂದು ಒಂದು ಪಿಕಪ್ ಗಾಡಿ ಸಸ್ಪೆನ್ಷನ್ ಎತ್ತರಿಸಿಕೊಂಡು, ನಾಲ್ಕು ದೊಡ್ಡ ಟೈರು ಹಾಕಿಸಿಕೊಂಡಿತು. ಪೂಜೆ ಮಾಡುವಾಗ ನಾಲ್ಕಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟರು. ಹಿಂದೆ ಮಲಗಿದ್ದ ಹಳೇ ಸ್ಟೆಪ್ನಿಗೆ ಒಂದು ಚಿಟಿಕೆ ಕುಂಕುಮವೂ ಇಲ್ಲ.

ಸ್ಟೆಪ್ನಿ ಹೇಳಿತು, "ಅಣ್ಣಾ, ನಾನಿನ್ನೂ ಹಳೇ ಅಳತೆ. ನನ್ನ ಜಾಗಕ್ಕೂ ದೊಡ್ಡದೊಂದನ್ನು ತರಿಸಿಕೋ."

"ಮಲಗಿರೋನಿಗೆ ಎಂಥಾ ಅಳತೆಯೋ ಕುಳ್ಳ?" ಎಂದಿತು ಪಿಕಪ್. ನಾಲ್ಕು ಟೈರುಗಳೂ ಗಾಳಿ ಹೋಗುವಷ್ಟು ನಕ್ಕವು.

ಪಂದ್ಯದ ದಿನ ಪಿಕಪ್ಪೇ ಎಲ್ಲರಿಗಿಂತ ಮುಂದಿತ್ತು. ತುದಿಗೆ ಇನ್ನೊಂದೇ ತಿರುವು ಎನ್ನುವಾಗ ಚೂಪು ಕಲ್ಲೊಂದು ಮುಂದಿನ ಎಡ ಟೈರನ್ನು ಸೀಳಿಹಾಕಿತು. ಸ್ಟೆಪ್ನಿಯನ್ನು ಇಳಿಸಿ ಅಲ್ಲಿಗೆ ಹಾಕಿದರು. ಜಾಕ್ ತೆಗೆದರೆ ಅದು ಗಾಳಿಯಲ್ಲೇ ನೇತಾಡಿತು.

"ಕಾಲೂರೋ ತಮ್ಮಾ!" ಪಿಕಪ್ ಅಂಗಲಾಚಿತು. ಅಲ್ಲಿಯವರೆಗೆ ಅದು ಒಮ್ಮೆಯೂ ತಮ್ಮಾ ಎಂದು ಕರೆದಿರಲಿಲ್ಲ.

"ಊರುತ್ತಲೇ ಇದ್ದೇನೆ ಅಣ್ಣಾ. ನೆಲ ಸಿಗುತ್ತಿಲ್ಲ."

ಹಿಂದಿದ್ದ ಗಾಡಿಗಳೆಲ್ಲ ಪಕ್ಕದಿಂದ ಹತ್ತಿ ಹೋದವು.

"ಅವತ್ತು ನಿನ್ನ ಮಾತು ಕೇಳಬೇಕಿತ್ತು ಕಣೋ," ಎಂದಿತು ಪಿಕಪ್.

ಆಗ ಸ್ಟೆಪ್ನಿ ದೊಡ್ಡದಾಗಿ ಉಸಿರೆಳೆದು, ಉಬ್ಬಿ, ನೆಲ ಮುಟ್ಟಿ, ಅಣ್ಣನನ್ನು ಗುಡ್ಡದ ತುದಿ ಸೇರಿಸಿತು.

ಸ್ಟೆಪ್ನಿ ಉಬ್ಬಿದ ಈ ಸಾಲು ಮಾತ್ರ ನಾನು ಕಟ್ಟಿದ್ದು. ಪಿಕಪ್ ಇನ್ನೂ ಆ ತಿರುವಿನಲ್ಲೇ ಮೂರು ಕಾಲಲ್ಲಿ ನಿಂತಿದೆ. ಅದನ್ನು ಹಾಗೇ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ.