ಅರ್ಧ ಮಾತ್ರೆ

“ಗುರುಗಳೇ, ನನಗೆ ಒಳ್ಳೆಯದು ಮಾಡಿದ್ದು ಇನ್ನೊಬ್ಬರಿಗೆ ಕೆಟ್ಟದ್ದು ಮಾಡುವುದುಂಟೇ?” ಎಂದು ಶಿಷ್ಯ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಒಂದು ಕಾಲಕ್ಕೆ ಅವನು ಮಹಾ ಮುಂಗೋಪಿ. ಕೆಲವು ತಿಂಗಳು ಮೌನವ್ರತ ಹಿಡಿದ ಮೇಲೆಯೇ ಸಿಟ್ಟು ಇಳಿದದ್ದು. ಈಚೆಗೆ ಹೆಂಡತಿಯನ್ನು ಕಳೆದುಕೊಂಡ ಮುದುಕನೊಬ್ಬ ಆಶ್ರಮಕ್ಕೆ ಬಂದಿದ್ದ. ಸಿಕ್ಕಿದವರ ಹತ್ತಿರವೆಲ್ಲ ಅವಳ ಮಾತೇ. ಅವಳು ಮಾಡುತ್ತಿದ್ದ ಸಾರು, ಅವಳು ಬೈಯುತ್ತಿದ್ದ ರೀತಿ. ಶಿಷ್ಯನಿಗೆ ಕನಿಕರ ಹುಟ್ಟಿತು. ಮುದುಕನಿಗೂ ಮೌನವ್ರತ ಹಿಡಿಸಿದ. ಈಗ ಮುದುಕ ಮಾತು ಬಿಟ್ಟಿದ್ದ. ಜೊತೆಗೆ ಊಟವನ್ನೂ ಬಿಡುತ್ತಾ ಬಂದಿದ್ದ.

ಗುರುಗಳು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. “ಕೂತುಕೋ, ಕೈಗೂ ಸ್ವಲ್ಪ ಕೆಲಸ ಇರಲಿ” ಎಂದು ಒಂದಷ್ಟು ಕಾಯಿಯನ್ನು ಅವನ ಮುಂದೆ ಹಾಕಿ ಕತೆ ಶುರುಮಾಡಿದರು.

ಒಬ್ಬ ದಿನಸಿ ವರ್ತಕನಿದ್ದ. ಅವನೊಂದು ಬೆಕ್ಕು ಸಾಕಿದ್ದ. ಹೆಸರು ಜೀರಿಗೆ. ಅಂಗಡಿಯ ಅಕ್ಕಿಮೂಟೆಯೇ ಅದರ ಸಿಂಹಾಸನ. ವರ್ತಕನಿಗೆ ಒಂದು ಪದ್ಧತಿ. ತನ್ನ ಬಾಯಿಗೆ ಹೋಗುವುದರಲ್ಲಿ ಅರ್ಧ ಜೀರಿಗೆಗೆ ಹೋಗಲೇಬೇಕು. ಇಡ್ಲಿಯಾದರೆ ಅರ್ಧ ಇಡ್ಲಿ, ರೊಟ್ಟಿಯಾದರೆ ಅರ್ಧ ರೊಟ್ಟಿ. “ಅರ್ಧಾಂಗಿ ಅಂತ ಹೆಸರು ನನಗೆ, ಅರ್ಧವೆಲ್ಲ ಅದಕ್ಕೆ” ಎಂದು ಹೆಂಡತಿ ಹಂಗಿಸುತ್ತಿದ್ದಳು. ಅವನು ನಗುತ್ತಿದ್ದ.

ಒಂದು ಚಳಿಗಾಲ ವರ್ತಕನಿಗೆ ಜ್ವರ ಬಂತು. ಮಾತ್ರೆ ನುಂಗಿದ. ಮೈ ಬೆವರಿ ಜ್ವರ ಇಳಿಯಿತು, ಮಧ್ಯಾಹ್ನ ಅಂಗಡಿಗೆ ಬಂದ. ನೋಡಿದರೆ ಜೀರಿಗೆ ಮೂಟೆಯ ಮೇಲೆ ಮುದುರಿ ಮಲಗಿದೆ. ಕರೆದರೆ ಕಣ್ಣು ಬಿಡದು, ಹಾಲು ಇಟ್ಟರೆ ಮೂಸದು. ಹೊಟ್ಟೆ ಮುಟ್ಟಿ ನೋಡಿದ. ಬಿಸಿ.

“ಅಯ್ಯೋ ಕಂದ, ನನ್ನ ಜ್ವರದಲ್ಲೂ ಅರ್ಧ ತೆಗೆದುಕೊಂಡೆಯಾ” ಎಂದವನೇ ಒಂದು ಮಾತ್ರೆ ಮುರಿದ. ಅರ್ಧವನ್ನು ಬೆಣ್ಣೆಯಲ್ಲಿ ಮುಚ್ಚಿ ಅದರ ಬಾಯಿಗೆ ಹಾಕಿದ. ಉಳಿದರ್ಧವನ್ನು ಜೇಬಿಗೆ ಹಾಕಿಕೊಂಡ. ಪುಣ್ಯದ ಕೆಲಸ ಮಾಡಿದವನ ಹಾಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತ.

ಸಂಜೆಯ ಹೊತ್ತಿಗೆ ಜೀರಿಗೆಯ ಮುಖ ಊದಿತು. ಒಸಡು ಕಪ್ಪಿಟ್ಟಿತು. ಉಸಿರಿಗೆ ಒದ್ದಾಡತೊಡಗಿತು. ವರ್ತಕನ ಜೀವ ಬಾಯಿಗೆ ಬಂತು. ಬೆಕ್ಕನ್ನು ಬೇಳೆಯ ಬುಟ್ಟಿಯಲ್ಲಿ ಮಲಗಿಸಿಕೊಂಡು, ಅಂಗಡಿಯನ್ನು ತೆರೆದದ್ದು ತೆರೆದ ಹಾಗೇ ಬಿಟ್ಟು, ಊರಿನ ಪಶುವೈದ್ಯೆಯ ಬಳಿಗೆ ಓಡಿದ. ಹೆಂಡತಿಯೂ ಹಿಂದೆಯೇ ಓಡಿದಳು.

“ಏನು ಕೊಟ್ಟಿರಿ?” ಎಂದಳು ವೈದ್ಯೆ.

ವರ್ತಕ ಜೇಬಿನಿಂದ ಉಳಿದರ್ಧ ತೆಗೆದು ತೋರಿಸಿದ. “ನಾನು ನುಂಗಿದ್ದನ್ನೇ ಕೊಟ್ಟೆ ಡಾಕ್ಟರಮ್ಮ. ಅದೂ ಅರ್ಧ.”

ವೈದ್ಯೆ ಸೂಜಿಮದ್ದು ಚುಚ್ಚಿದಳು. ಗಂಟಲಿಗೆ ಏನನ್ನೋ ಹನಿಸಿದಳು. ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೂತಳು. ಉಸಿರು ಹದಕ್ಕೆ ಬಂದ ಮೇಲೆ ತಲೆ ಎತ್ತಿದಳು.

“ಯಜಮಾನರೇ, ಅದಕ್ಕೂ ಮೀಸೆ ಇದೆ, ನಿಮಗೂ ಮೀಸೆ ಇದೆ. ಹಾಗಂತ ಹೊಟ್ಟೆಯೂ ಒಂದೇ ಅಂದುಕೊಂಡಿರಾ? ಈ ಮಾತ್ರೆಯನ್ನು ನಿಮ್ಮ ಮೈ ಅರಗಿಸಿಕೊಂಡು ಹೊರಗೆ ಹಾಕುತ್ತದೆ. ಬೆಕ್ಕಿನ ಮೈಗೆ ಅದು ಬಾರದು. ಅರ್ಧವಲ್ಲ, ಚೂರೂ ಅದಕ್ಕೆ ವಿಷ.”

“ಮೈ ಸುಡುತ್ತಿತ್ತಲ್ಲ ತಾಯಿ?”

“ಬೆಕ್ಕಿನ ಮೈ ಯಾವಾಗಲೂ ನಮ್ಮ ಮೈಗಿಂತ ಬಿಸಿಯೇ. ಕೈಯಲ್ಲಿ ಮುಟ್ಟಿ ಜ್ವರ ಅಂದುಬಿಡುವುದಲ್ಲ.”

“ಹಾಲನ್ನೂ ಕುಡಿಯಲಿಲ್ಲ.”

ಆಗ ಹೆಂಡತಿ ಸೆರಗಿನ ಮರೆಯಿಂದ ಮೆಲ್ಲಗೆ ಹೇಳಿದಳು: “ಬೆಳಿಗ್ಗೆ ನೀವು ಮಲಗಿದ್ದಿರಲ್ಲ. ನಿಮ್ಮ ಪಾಲಿನ ಉಪ್ಪಿಟ್ಟೂ ಹಾಲಿನ ಕೆನೆಯೂ ಪೂರ್ತಿ ಅದಕ್ಕೇ ಹಾಕಿದ್ದೆ.”

ಜೀರಿಗೆಗೆ ಬಂದಿದ್ದ ಕಾಯಿಲೆ ಹೊಟ್ಟೆ ತುಂಬಿದ ನಿದ್ದೆ. ಅಷ್ಟೇ.

ಮಾರನೆಯ ಬೆಳಿಗ್ಗೆ ಅದು ಎದ್ದು ಕೂತಿತು. ಎದ್ದು ಮಾಡಿದ ಮೊದಲ ಕೆಲಸ ವರ್ತಕನ ಕೈಯನ್ನು ಪರಚಿದ್ದು. ಅವನು ಆ ಗೀರನ್ನು ಅಂಗಡಿಗೆ ಬಂದವರಿಗೆಲ್ಲ ಬಳೆ ತೋರಿಸುವ ಹಾಗೆ ತೋರಿಸಿ ನಗುತ್ತಿದ್ದ. ಅರ್ಧ ಇಡ್ಲಿಯ ಪದ್ಧತಿ ನಡೆದೇ ಇತ್ತು. ಮಾತ್ರೆಯ ಡಬ್ಬಿ ಮಾತ್ರ ಅಟ್ಟ ಹತ್ತಿತು.

ಕತೆ ಮುಗಿಯಿತು. ಶಿಷ್ಯ ನಗುತ್ತಲೇ ಒಂದು ಕಾಯಿ ಎತ್ತಿಕೊಂಡ.

“ವರ್ತಕನದು ತಪ್ಪೇ ಗುರುಗಳೇ. ಆದರೆ ಪಾಪ, ಅವನಾದರೂ ಏನು ಮಾಡಿಯಾನು? ಮೂಕ ಪ್ರಾಣಿ. ನನಗೇನೂ ಆಗಿಲ್ಲ, ಸುಮ್ಮನೆ ಬಿಡು ಅಂತ ಹೇಳುವುದಕ್ಕೆ ಬೆಕ್ಕಿಗೆ ಬಾಯಿರಲಿಲ್ಲವಲ್ಲ.”

ಗುರುಗಳು ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿದರು.

“ಬೆಕ್ಕಿಗೆ ಬಾಯಿರಲಿಲ್ಲ, ನಿಜ, ಆ ಅಜ್ಜನಿಗೆ ಇತ್ತಲ್ಲ, ಅದನ್ನು ಮುಚ್ಚಿಸಿದ್ದು ಯಾರಪ್ಪ?”