ಅಣ್ಣನನ್ನು ದಾಟದ ಸೈಕಲ್ ಸವಾರ

“ಅಜ್ಜಾರ, ನೀವು ಇರುವಾಗ ನಾನು ಪ್ರವಚನದ ಗದ್ದುಗೆ ಏರುವುದು ಅವಿನಯವಲ್ಲವೇ?” ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಮಠದ ಹಿರಿಯ ಶಿಷ್ಯ. ಊರವರಂತೆ ಅವನೂ ಗುರುಗಳನ್ನು ಅಜ್ಜಾರ ಎಂದೇ ಕರೆಯುತ್ತಿದ್ದ. ಶ್ರಾವಣದ ಪ್ರವಚನ ಮರುದಿನ ಆರಂಭವಾಗಬೇಕಿತ್ತು. ‘ಈ ಸಲ ನೀನು ಹೇಳು’ ಎಂದು ಗುರುಗಳು ಹಿಂದೆಯೂ ಹೇಳಿದ್ದರು. ಒಂದು ವರ್ಷ ಅವನು ಕೈಮುಗಿದು ಒಲ್ಲೆ ಎಂದಿದ್ದ. ಇನ್ನೊಂದು ವರ್ಷ ಕಾಲು ಹಿಡಿದು ಒಲ್ಲೆ ಎಂದಿದ್ದ. ಈ ವರ್ಷ ಪ್ರಶ್ನೆ ಕೇಳಿ ಒಲ್ಲೆ ಎನ್ನುತ್ತಿದ್ದ.



“ಭಾರಿ ವಿನಯವಂತ ನೀನು. ಕೂತುಕೋ. ಒಂದು ಸೈಕಲ್ ಪಂದ್ಯದ ಕತೆ ಹೇಳುತ್ತೇನೆ. ಸೈಕಲ್ ಎಂದು ಮೂಗು ಮುರಿಯಬೇಡ. ಪುರಾಣದ ಕತೆ ಹೇಳಿದರೆ ಮುಂದಿನ ಮಾತು ನೀನೇ ಹೇಳಿಬಿಡುತ್ತೀ, ಎಲ್ಲ ಬಾಯಿಪಾಠ ಮಾಡಿಟ್ಟಿದ್ದೀ. ಇದರ ಮುಂದಿನ ಮಾತು ನಿನಗೆ ಗೊತ್ತಿಲ್ಲ,” ಎಂದು ಗುರುಗಳು ಕತೆ ಆರಂಭಿಸಿದರು.

ಬಯಲುನಾಡಿನಲ್ಲಿ ಒಂದು ಕಾಲೇಜು. ಆ ಕಾಲೇಜಿಗೆ ಒಂದು ಸೈಕಲ್ ತಂಡ. ತಂಡದಲ್ಲಿ ನಾಲ್ವರು. ಮೂವರು ಹಳಬರು, ಒಬ್ಬ ಹೊಸಬ. ಹಳಬರಲ್ಲಿ ಒಬ್ಬ ಕ್ಯಾಪ್ಟನ್. ಹೆಸರು ಕಟ್ಟಿಕೊಂಡು ಏನು ಮಾಡುತ್ತೀ, ಹೊಸಬ, ಕ್ಯಾಪ್ಟನ್, ಅಷ್ಟು ಸಾಕು.

ಹೊಸಬ ಸಂಸ್ಕಾರವಂತರ ಮನೆಯ ಹುಡುಗ. ಎದುರಿಗೆ ಹಿರಿಯರು ಬಂದರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದ. ಅವರು ಹೋದ ಮೇಲೆ ಮತ್ತೆ ಹತ್ತುತ್ತಿದ್ದ. ಹಿರಿಯರು ಮುಂದೆ ನಡೆದು ಹೋಗುತ್ತಿದ್ದರೆ ಗಂಟೆ ಬಾರಿಸುತ್ತಿರಲಿಲ್ಲ, ಅವರ ಹಿಂದೆಯೇ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಹೀಗೆ ಎಷ್ಟೋ ಸಲ ಕಾಲೇಜಿನಲ್ಲಿ ಅವನ ಮೊದಲ ತರಗತಿ ತಪ್ಪಿತ್ತು. ಅವನ ತಾಯಿ ಓಣಿಯಲ್ಲೆಲ್ಲ ಇದನ್ನು ಹೆಮ್ಮೆಯಿಂದ ಹೇಳಿಕೊಂಡು ಬರುತ್ತಿದ್ದಳು.

ಅವನಿಗೆ ಕ್ಯಾಪ್ಟನ್ ಎಂದರೆ ದೇವರು. ಬೆನ್ನು ಬಗ್ಗಿಸುವುದು ಹೇಗೆ, ಏರಿನಲ್ಲಿ ಉಸಿರು ಹಿಡಿಯುವುದು ಹೇಗೆ, ಇಳಿಜಾರಿನಲ್ಲಿ ಹೆದರದಿರುವುದು ಹೇಗೆ, ಎಲ್ಲವನ್ನೂ ಕಲಿಸಿದವನು ಅವನೇ. ಹೊಸಬ ಅವನನ್ನು ಅಣ್ಣಾ ಎನ್ನುತ್ತಿದ್ದ. ಅಣ್ಣನ ಮಾತು ಎಂದರೆ ಅವನಿಗೆ ವೇದವಾಕ್ಯ.

ರಸ್ತೆಯ ಪಂದ್ಯದ ಒಂದು ಸಂಗತಿ ನಿನಗೆ ಹೇಳಿಬಿಡುತ್ತೇನೆ. ಅಲ್ಲಿ ದೊಡ್ಡ ವೈರಿ ಗಾಳಿ. ಮುಂದಿರುವವನ ಎದೆಗೆ ಗಾಳಿ ಬಡಿಯುತ್ತದೆ. ಅವನ ಚಕ್ರಕ್ಕೆ ಅಂಟಿಕೊಂಡು ಹಿಂದೆ ಬರುವವನಿಗೆ ಅಷ್ಟು ಗಾಳಿ ತಾಗುವುದಿಲ್ಲ. ಅವನು ಹಗುರವಾಗಿ ತುಳಿದರೂ ಅದೇ ವೇಗ ಸಿಗುತ್ತದೆ. ಅದಕ್ಕೇ ಒಂದೇ ತಂಡದವರು ಸರದಿಯ ಮೇಲೆ ಮುಂದೆ ಬರುತ್ತಾರೆ. ಮುಂದಿರುವವನಿಗೆ ದಣಿವಾದಾಗ ಮೊಣಕೈ ಅಲುಗಿಸುತ್ತಾನೆ. ‘ನಾನು ಪಕ್ಕಕ್ಕೆ ಸರಿಯುತ್ತೇನೆ, ನೀನು ಮುಂದೆ ಬಾ’ ಎಂದು ಅದರ ಅರ್ಥ. ಹೊಸಬನಿಗೂ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಹೊಸಬನೆಂದು ಅಭ್ಯಾಸದಲ್ಲಿ ಅವನನ್ನು ಯಾವಾಗಲೂ ಕೊನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕ್ಯಾಪ್ಟನ್ನನ ಹಿಂದೆ ನೇರವಾಗಿ ನಿಲ್ಲುವ ಪ್ರಸಂಗ ಅವನಿಗೆ ಬಂದಿರಲಿಲ್ಲ.

ಕಾಲೇಜು ಕಾಲೇಜುಗಳ ನಡುವೆ ಪಂದ್ಯ ಬಂತು. ಹೊಸಬನಿಗೆ ಅದು ಮೊದಲ ಪಂದ್ಯ, ಕ್ಯಾಪ್ಟನ್ನನಿಗೆ ಕೊನೆಯದು. ಅವನ ಓದು ಆ ವರ್ಷ ಮುಗಿಯುತ್ತಿತ್ತು. ಯಾವ ಕಾಲೇಜಿನ ಹುಡುಗ ಮೊದಲು ಗೆರೆ ಮುಟ್ಟುತ್ತಾನೋ ಆ ಕಾಲೇಜಿನ ಇಡೀ ತಂಡ ರಾಜ್ಯದ ಪಂದ್ಯಕ್ಕೆ ಹೋಗುತ್ತದೆ ಎಂಬುದು ನಿಯಮ. ಆ ಕಾಲೇಜಿನವರು ಒಮ್ಮೆಯೂ ಹೋಗಿರಲಿಲ್ಲ. ಬೆಳಿಗ್ಗೆ ಕ್ಯಾಪ್ಟನ್ ಎಲ್ಲರ ಹೆಗಲ ಮೇಲೆ ಕೈಯಿಟ್ಟು ಹೇಳಿದ, “ನಾನೇ ಗೆಲ್ಲಬೇಕು ಅಂತೇನಿಲ್ಲ. ನಮ್ಮ ಅಂಗಿ ಹಾಕ್ಕೊಂಡವ ಯಾರರೆ ಒಬ್ಬ ಗೆಲ್ಲಲಿ.” ಹೊಸಬ ಆ ಮಾತನ್ನೂ ಕೇಳಿಸಿಕೊಂಡ. ಅಣ್ಣನದು ಎಂಥ ದೊಡ್ಡ ಮನಸ್ಸು ಎಂದುಕೊಂಡ.

ಪಂದ್ಯ ಹೊರಟಿತು. ಅರ್ಧ ದಾರಿಯ ಒಳಗೇ ಹಳಬರಲ್ಲಿ ಒಬ್ಬನ ಚೈನು ತುಂಡಾಯಿತು. ಇನ್ನೊಬ್ಬ ತಿರುವಿನಲ್ಲಿ ಬಿದ್ದು ಮೊಣಕಾಲು ಕೆತ್ತಿಕೊಂಡ. ಉಳಿದವರು ಕ್ಯಾಪ್ಟನ್ ಮತ್ತು ಹೊಸಬ. ಇಬ್ಬರೂ ಎಲ್ಲರಿಗಿಂತ ಮುಂದೆ ಬಂದಿದ್ದರು. ಬಹಳ ಹಿಂದೆ ಇನ್ನೊಂದು ಕಾಲೇಜಿನ ಮೂವರು ಬೆನ್ನಟ್ಟಿ ಬರುತ್ತಿದ್ದರು.

ಆಮೇಲೆ ರಸ್ತೆ ಬಯಲಿಗೆ ಬಿತ್ತು. ಎರಡೂ ಕಡೆ ಎರೆಹೊಲ, ಎದುರು ಗಾಳಿ. ಕ್ಯಾಪ್ಟನ್ ಅದಕ್ಕೆ ಎದೆಯೊಡ್ಡಿ ಬಹಳ ದೂರ ಎಳೆದ. ಅವನಿಗೂ ದಣಿವಾಯಿತು. ಮೊಣಕೈ ಅಲುಗಿಸಿದ.

ಹೊಸಬ ಅದನ್ನು ಕಂಡ.  ಅಣ್ಣನನ್ನು ಹಿಂದೆ ಹಾಕಿ ನಾನು ಮುಂದೆ ಹೋಗುವುದೇ? ನೋಡಿದವರು ಏನೆಂದಾರು? ಅಲ್ಲಿ ನೋಡುವುದಕ್ಕೆ ಯಾರಿದ್ದರು ಹೇಳು, ಜೋಳದ ಹೊಲದ ಬೆದರುಬೊಂಬೆ ಬಿಟ್ಟರೆ? ಆದರೂ ಅವನ ಕಾಲು ಮುಂದೆ ಹೋಗಲಿಲ್ಲ.

ಕ್ಯಾಪ್ಟನ್ ಎಡಕ್ಕೆ ಸರಿದ. ಹೊಸಬನೂ ಅವನ ಹಿಂದೆ ಎಡಕ್ಕೆ ಸರಿದ. ಕ್ಯಾಪ್ಟನ್ ಬಲಕ್ಕೆ ಬಂದ. ಹೊಸಬನೂ ಬಲಕ್ಕೆ ಬಂದ. ಕ್ಯಾಪ್ಟನ್ ವೇಗ ಇಳಿಸಿದ. ಹೊಸಬ ಭಕ್ತಿಯಿಂದ ಬ್ರೇಕು ಹಿಡಿದ.

“ಮುಂದ ಬಾರಲೇ!” ಎಂದು ಕ್ಯಾಪ್ಟನ್ ಕೂಗಿದ.

“ನೀವು ಇರಲಿಕ್ಕೆ ನಾ ಹ್ಯಾಂಗ ದಾಟ್ಲಿ, ಅಣ್ಣಾ!” ಎಂದ ಹೊಸಬ.

ವಾದ ಮಾಡುವುದಕ್ಕೆ ಕ್ಯಾಪ್ಟನ್ನನ ಬಳಿ ಉಸಿರಿರಲಿಲ್ಲ. ತಲೆ ತಗ್ಗಿಸಿ ಮತ್ತೆ ತುಳಿಯತೊಡಗಿದ.

ಆ ಹುಡುಗ ಮೈಗಳ್ಳನಲ್ಲ ಅಡಿವೆಪ್ಪ. ಅತಿ ವಿನಯ ಧೂರ್ತರ ಲಕ್ಷಣ ಎನ್ನುತ್ತಾರೆ, ಅವನು ಧೂರ್ತನೂ ಅಲ್ಲ. ಅಣ್ಣನ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿದ್ದನ್ನು ನೋಡಿ ಅವನ ಕಣ್ಣು ತುಂಬಿ ಬಂತು. ಆಹಾ, ಎಂಥ ಸಹನೆ, ಎಂಥ ಕಸುವು ಎಂದು ಹಿಗ್ಗಿದ. ಕೈಮುಗಿಯಬೇಕು ಎನಿಸಿತು. ಕೈಬಿಟ್ಟರೆ ಸೈಕಲ್ ಸಮೇತ ಬೀಳುತ್ತಾನೆ, ಅದಕ್ಕೆ ಮನಸ್ಸಿನಲ್ಲೇ ಮುಗಿದ. ಎಲ್ಲ ಸರಿ. ಆದರೆ ಗಾಳಿ ತಾಗದ ಹಿಂಬದಿಯಲ್ಲಿ ಸುಖವಾಗಿತ್ತು. ಮರ್ಯಾದೆಗಾಗಿ ಹಿಂದೆ ಉಳಿದನೋ, ಹಿಂದೆ ಉಳಿಯುವ ಸುಖಕ್ಕಾಗಿ ಮರ್ಯಾದೆ ನೆನಪಾಯಿತೋ, ಅದು ಅವನಿಗೇ ತಿಳಿದಿರಲಿಲ್ಲ.

ಇಲ್ಲಿ ಅಡಿವೆಪ್ಪ ತಡೆದು, “ಏನೇ ಆದರೂ ಹುಡುಗನ ಭಾವ ಶುದ್ಧವಾಗಿತ್ತಲ್ಲ, ಅಜ್ಜಾರ?” ಎಂದ.

“ಶುದ್ಧವಾಗಿತ್ತು. ಹಿಂದೆ ಬರುತ್ತಿದ್ದ ಮೂವರಿಗೆ ಅದರಿಂದ ಬಹಳ ಉಪಕಾರವಾಯಿತು,” ಎಂದು ಗುರುಗಳು ಮುಂದುವರಿಸಿದರು.

ಆ ಮೂವರಲ್ಲಿ ಒಬ್ಬನೂ ಕ್ಯಾಪ್ಟನ್ನನಷ್ಟು ಗಟ್ಟಿಗನಲ್ಲ. ಆದರೆ ಒಂದೇ ಒರಳಿಗೆ ಹೆಂಗಸರು ಸರದಿಯಲ್ಲಿ ಒನಕೆ ಹಾಕಿದಂತೆ ಅವರು ಬರುತ್ತಿದ್ದರು. ಒಬ್ಬ ಮುಂದೆ ಬಂದು ನಾಲ್ಕು ಏಟು ಗಾಳಿ ತಿಂದು ಹಿಂದೆ ಸರಿಯುತ್ತಿದ್ದ, ಇನ್ನೊಬ್ಬ ಮುಂದೆ ಬರುತ್ತಿದ್ದ. ಅವರಲ್ಲೂ ಒಬ್ಬ ಕಿರಿಯನಿದ್ದ. ಅವನು ಸಂಕೋಚವಿಲ್ಲದೆ ಹಿರಿಯರನ್ನು ದಾಟಿ ಬರುತ್ತಿದ್ದ. ಅವನು ದಾಟಿದಾಗಲೆಲ್ಲ ಹಿರಿಯರು “ಭಲೆ ಮಗನೆ!” ಎನ್ನುತ್ತಿದ್ದರು.

ಊರು ಕಾಣುವ ಹೊತ್ತಿಗೆ ಆ ಮೂವರು ಬಂದು ಮುಟ್ಟಿದರು. ಮುಟ್ಟಿದ್ದಷ್ಟೇ ಅಲ್ಲ, ದಾಟಿದರು. ಕ್ಯಾಪ್ಟನ್ ಅವರ ಹಿಂದೆ ಹೋಗಲು ನೋಡಿದ. ಕಾಲು ಏಳಲಿಲ್ಲ. ಹಿಂದಕ್ಕೆ ತಿರುಗಿ ಹೊಸಬನಿಗೆ ಕೂಗಿದ, “ನೀ ಹೋಗೋ! ನಿನ್ನ ಕಾಲಾಗ ಇನ್ನೂ ಕಸುವು ಐತಿ. ಹಿಡಿ ಅವರನ್ನ!”

ಆ ಮಾತು ನಿಜ. ಹೊಸಬನ ಕಾಲುಗಳು ಆಗ ತಾನೆ ಮನೆಯಿಂದ ಹೊರಟವನ ಕಾಲುಗಳಂತೆ ಇದ್ದವು. ಆಗ ಎದ್ದು ತುಳಿದಿದ್ದರೂ ಅವರನ್ನು ಹಿಂದೆ ಹಾಕಬಹುದಿತ್ತು.

“ನಿಮ್ಮನ್ನ ಬಿಟ್ಟು ನಾ ಹೋಗಂಗಿಲ್ಲ, ಅಣ್ಣಾ,” ಎಂದ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು. ಗೆರೆಯ ಹತ್ತಿರ ಬಂದಾಗ ಹೊಸಬ ಬ್ರೇಕು ಹಿಡಿದು ಅಣ್ಣನ ಚಕ್ರ ಮೊದಲು ದಾಟಲಿ ಎಂದು ಕಾದ. ಕ್ಯಾಪ್ಟನ್ ನಾಲ್ಕನೆಯವನಾದ, ಹೊಸಬ ಐದನೆಯವನು. ರಾಜ್ಯದ ಪಂದ್ಯ ಆ ಮೂವರ ಕಾಲೇಜಿಗೆ ಹೋಯಿತು.

ಕ್ಯಾಪ್ಟನ್ ಸೈಕಲ್ಲಿನಿಂದ ಇಳಿದ. ನಿಲ್ಲಲಾಗದೆ ರಸ್ತೆಯ ಮೇಲೇ ಕೂತ. ತುಟಿ ಒಡೆದು ಮುಖದ ಮೇಲೆ ಉಪ್ಪುಗಟ್ಟಿತ್ತು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಜೀಪಿನಲ್ಲಿ ಮೊದಲೇ ಅಲ್ಲಿಗೆ ಸೇರಿದ್ದ ಗೆಳೆಯ ಕುಂಟುತ್ತ ಬಂದು ನೀರು ಕೊಟ್ಟ. ಹೊಸಬ ಬಂದು ಬಗ್ಗಿ ಅಣ್ಣನ ಕಾಲು ಮುಟ್ಟಿದ. ಕ್ಯಾಪ್ಟನ್ ಏಳುವುದಕ್ಕೆ ಆಸರೆಯಾಗಲಿ ಎಂದು ಅವನ ಬೆನ್ನ ಮೇಲೆ ಕೈಯೂರಿದ. ಕೈ ಅಲ್ಲೇ ನಿಂತಿತು.

“ನಿನ್ನ ಅಂಗಿ ಒಣಗೇ ಐತಲ್ಲೋ, ತಮ್ಮಾ,” ಎಂದ.

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ಹುಡುಗ ತಡೆದುಕೊಳ್ಳುತ್ತಿದ್ದ. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಅಲ್ಲೇ ಗೋಳೋ ಎಂದು ಅತ್ತ. ಅತ್ತು ಏನು ಬಂತು? ಮುಂದಿನ ವರ್ಷ ಸರದಿ ತೀರಿಸುತ್ತೇನೆ ಎಂದರೆ ಮುಂದಿನ ವರ್ಷ ಅಣ್ಣ ಇರುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪನಿಗೆ ಹೊಸಬನ ಮೇಲೆ ಕನಿಕರ ಬಂತು, ಕ್ಯಾಪ್ಟನ್ನನ ಮೇಲೆ ತುಸು ಮುನಿಸೂ ಬಂತು. “ತಪ್ಪು ಕ್ಯಾಪ್ಟನ್ನನದೂ ಇದೆ, ಅಜ್ಜಾರ,” ಎಂದ. “ಮೊಣಕೈ ಅಲುಗಿಸಿದ, ಮುಂದೆ ಬಾ ಎಂದ, ಅಷ್ಟೇ. ‘ನನ್ನ ಕೈಲಿ ಇನ್ನು ಆಗುವುದಿಲ್ಲ’ ಎಂದು ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಆ ಹುಡುಗ ಮುಂದೆ ಹೋಗದೆ ಇರುತ್ತಿದ್ದನೇ?”

“ನನ್ನ ಕೈಲಿ ಇನ್ನು ಆಗುವುದಿಲ್ಲ, ಅಡಿವೆಪ್ಪ,” ಎಂದರು ಗುರುಗಳು.

ಮರುದಿನ ಪ್ರವಚನದ ಗದ್ದುಗೆಯನ್ನು ಅಡಿವೆಪ್ಪನೇ ಏರಿದ.