ಐಗಳ ಓಲೆಗೆ ಕುಂಕುಮ

"ಶಾಲೆ ಅಂದರೆ ನಮ್ಮ ಶಾಲೆ ಕಣಯ್ಯಾ ಹಂಪಯ್ಯ!" ಹುಲಿಕುಂಟೆಯ ದೊರೆ ಬಸವಂತರಾಯ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ. "ಐಗಳು ಬರೆದ ಹನ್ನೊಂದು ಕಟ್ಟಳೆಗೂ ನಾನೇ ಕೈಯಾರೆ ಮುದ್ರೆ ಒತ್ತಿದ್ದೇನೆ. ಅದರಲ್ಲಿ ಒಂದೇ ಒಂದು ಹುಳುಕು ತೋರಿಸು ನೋಡೋಣ. ಆಗಲಿಲ್ಲವೋ, ನಿನ್ನ ಮೀಸೆ ಬೋಳಿಸಿಬಿಡುತ್ತೇನೆ!"

ಆಸ್ಥಾನದ ಹಾಸ್ಯಗಾರ ಹಂಪಯ್ಯನಿಗೆ ಹೆಂಡತಿ ಬಿಟ್ಟರೆ ಮೀಸೆಯೇ ಪ್ರಾಣ. ಹೆಂಡತಿಯನ್ನು ಕೇಳಿದರೆ ಮೀಸೆಯೇ ಮೊದಲು ಅನ್ನುತ್ತಿದ್ದಳು, ಇರಲಿ.

"ನಾಲ್ಕನೆಯ ಕಟ್ಟಳೆ ಏನು, ಬುದ್ಧಿ?" ಎಂದ ಮೆಲ್ಲಗೆ.

"ನಾಲ್ಕನೆಯದಾ? ಅದು... ಬಹಳ ಒಳ್ಳೆಯ ಕಟ್ಟಳೆ."

ಓಹೋ, ಮುದ್ರೆ ಬಿದ್ದಿದೆ, ಕಣ್ಣು ಬಿದ್ದಿಲ್ಲ ಎಂದು ಹಂಪಯ್ಯನಿಗೆ ಆಗಲೇ ಗೊತ್ತಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಗೋಳೋ ಎಂಬ ಅಳು. ಗಾಣದ ತಿಪ್ಪಮ್ಮ ಒಂದು ಕೈಯಲ್ಲಿ ಬಟ್ಟೆ ಮುಚ್ಚಿದ ಹಿತ್ತಾಳೆ ತಟ್ಟೆ, ಇನ್ನೊಂದು ಕೈಯಲ್ಲಿ ಏಳು ವರ್ಷದ ಮಗಳು ಬೊಮ್ಮಿಯನ್ನು ಹಿಡಿದು ಒಳಗೆ ಬಂದಳು.

"ಬುದ್ಧೀ, ನನ್ನ ಮಗಳನ್ನ ಶಾಲೆಯಿಂದ ಆಚೆಗೆ ಹಾಕವ್ರೆ. ಇನ್ನು ಯಾವತ್ತೂ ಸೇರಿಸಲ್ವಂತೆ. ತಪ್ಪೇನು ಸ್ವಾಮೀ ಅಂತ ಕೇಳಾಕೆ ಹೋದ್ರೆ, ಹೊಸ್ತಿಲು ತುಳೀಬೇಡ ಅಂತ ಕೈಸನ್ನೆ ಮಾಡ್ತಾರೆ. ಬಾಯೇ ಬಿಡಲ್ಲ ಆ ಐಗಳು! ಇವಳು ಮೂರು ದಿನದಿಂದ ಗಂಜಿ ಕುಡಿದಿಲ್ಲ."

ಐಗಳಿಗೆ ಕರೆ ಹೋಯಿತು. ನರಹರಿ ಐಗಳು ಕಂಕುಳಲ್ಲಿ ಓಲೆಯ ಕಟ್ಟು ಇರುಕಿಕೊಂಡು ಬಂದರು. ಆ ಪುಣ್ಯಾತ್ಮ ಕಟ್ಟಳೆ ನೋಡದೆ ಆಕಳಿಸುವವರೂ ಅಲ್ಲ.

"ನಾಲ್ಕನೆಯ ಕಟ್ಟಳೆ: ಹೆತ್ತವರು ಶಾಲೆಯ ಹೊಸ್ತಿಲು ದಾಟತಕ್ಕದ್ದಲ್ಲ. ಐದನೆಯದು: ಐಗಳು ರಾಜಸಭೆಯಲ್ಲಿ ಹೊರತು ಹೆತ್ತವರೊಡನೆ ಬಾಯಿಬಿಟ್ಟು ಮಾತಾಡತಕ್ಕದ್ದಲ್ಲ, ಹೇಳುವುದೆಲ್ಲ ಓಲೆಯಲ್ಲೇ. ಆರನೆಯದು: ಮೂರು ಓಲೆಗೆ ಉತ್ತರ ಬಾರದಿದ್ದರೆ ಮಗು ಹೊರಗೆ. ಈಕೆಗೆ ಮೂರು ಓಲೆ ಕಳಿಸಿದೆ. ಒಂದಕ್ಕೂ ಉತ್ತರವಿಲ್ಲ."

"ಬಂದಾವಲ್ಲ ಸ್ವಾಮೀ, ಮೂರೂ ಬಂದಾವೆ!" ತಿಪ್ಪಮ್ಮ ತಟ್ಟೆಯ ಬಟ್ಟೆ ಸರಿಸಿದಳು. ಮೂರು ಓಲೆ, ಒಂದೊಂದಕ್ಕೂ ಮೈತುಂಬ ಅರಿಸಿನ ಕುಂಕುಮ, ಮೇಲೊಂದು ಚೆಂಡುಹೂವು. "ನಮ್ಮ ವಂಶದಲ್ಲಿ ಯಾರ ಮನೆಗೂ ಅಕ್ಷರ ಬಂದಿರ್ಲಿಲ್ಲ. ಸರಸ್ವತಿನೇ ಬಂದ್ಲು ಅಂತ ದೇವರ ಗೂಡಲ್ಲಿಟ್ಟು ದಿನಾ ದೀಪ ಹಚ್ತಿದೀನಿ. ಎರಡನೇದಕ್ಕೆ ಹೋಳಿಗೆನೂ ಮಾಡಿದ್ದೆ!"

ಸಭೆ ಬಿದ್ದು ಬಿದ್ದು ನಕ್ಕಿತು. ತಿಪ್ಪಮ್ಮನ ಮುಖ ಸಣ್ಣದಾಯಿತು, ಬೊಮ್ಮಿ ಅವಳ ಸೆರಗಿನ ಹಿಂದೆ ಸರಿದಳು. ಹಂಪಯ್ಯ ಮಾತ್ರ ನಗಲಿಲ್ಲ. ಅವನಿಗೆ ಮೈಯೆಲ್ಲ ಉರಿಯಿತು. ಒಂದು ಓಲೆ ತೆಗೆದು ಕುಂಕುಮ ಒರೆಸಿ ಓದಿದ: "ನಿಮ್ಮ ಮಗಳು ಪಾಠದ ಹೊತ್ತಿನಲ್ಲಿ ತೂಕಡಿಸುತ್ತಾಳೆ. ವಿಚಾರಿಸತಕ್ಕದ್ದು."

"ಇಷ್ಟೇನಾ?" ತಿಪ್ಪಮ್ಮ ಬಾಯಿಮೇಲೆ ಕೈ ಇಟ್ಟುಕೊಂಡಳು. "ಕೋಳಿ ಕೂಗೋ ಮುಂಚೆ ಗಾಣದ ಎತ್ತು ಹೊಡಿಯಾಕೆ ನಾನೇ ಇವಳನ್ನ ಎಬ್ಬಿಸ್ತಿದ್ದೆ. ಒಂದು ಮಾತು ಅಂದಿದ್ರೆ ಎತ್ತು ನಾನೇ ಹೊಡ್ಕೋತಿದ್ನಲ್ಲ ಸ್ವಾಮೀ!"

"ಅದೆಲ್ಲ ಆಗದು," ಎಂದ ದೊರೆ. "ಕಟ್ಟಳೆ ಅಂದರೆ ಕಟ್ಟಳೆ. ಓಲೆಯಲ್ಲಿ ಏನಿದೆ ಅಂತ ತಿಳಿಯದೆ ಕೆಂಪು ಮೆತ್ತಿ ಕೂತರೆ ಅದು ಉತ್ತರವಾಗುತ್ತದೆಯೇ?"

ಹಂಪಯ್ಯ ಮೀಸೆ ತಿರುವಿದ. "ಸರಿ ಬುದ್ಧಿ. ಹಾಗಾದರೆ ಓಲೆ ಓದದೆ ಕೆಂಪು ಮೆತ್ತಿದವರು ಯಾರೇ ಆಗಲಿ, ಅವರ ಮಗು ಹೊರಗೆ?"

"ಯಾರೇ ಆಗಲಿ! ಇದು ದೊರೆಯ ಮಾತು!"

"ಇಷ್ಟು ಸಾಕು." ಹಂಪಯ್ಯ ಐಗಳ ಕಡೆ ತಿರುಗಿದ. "ಐಗಳೇ, ಬಂದಾಗಿನಿಂದ ನೋಡುತ್ತಿದ್ದೇನೆ. ನಿಮ್ಮ ಜುಟ್ಟು ಯಾಕೆ ಅರ್ಧಕ್ಕೇ ನಿಂತಿದೆ?"

ಐಗಳು ತಲೆ ಮುಟ್ಟಿಕೊಂಡರು. "ಅದು... ದೊರೆಗಳ ಅಪ್ಪಣೆ."

"ನನ್ನ ಅಪ್ಪಣೆಯಾ?" ದೊರೆ ಸಿಂಹಾಸನದಿಂದ ಅರ್ಧ ಎದ್ದ.

"ಯುವರಾಜರೂ ನಮ್ಮಲ್ಲೇ ಓದುವುದಲ್ಲವೇ, ಪ್ರಭು? ಭೇದ ಮಾಡದೆ ಅರಮನೆಗೂ ಮೂರು ಓಲೆ ಕಳಿಸಿದ್ದೆ. ಮೂರೂ ತಮ್ಮ ಉತ್ತರದೊಡನೆ ಮರಳಿ ಬಂದವು." ಐಗಳು ಕಟ್ಟು ಬಿಚ್ಚಿ ಮೂರು ಓಲೆ ಹಂಪಯ್ಯನ ಕೈಗಿಟ್ಟರು.

ಹಂಪಯ್ಯ ಗಂಟಲು ಸರಿಮಾಡಿಕೊಂಡು ಓದಿದ.

"'ಯುವರಾಜರು ಅಕ್ಷರ ತಿದ್ದುವ ಮರಳನ್ನು ಮಕ್ಕಳ ತಲೆಗೆ ಸುರಿಯುತ್ತಾರೆ.' ಕೆಳಗೆ ಕೆಂಪು ಅರಗಿನ ರಾಜಮುದ್ರೆ: 'ಬರೆದಂತೆ ನಡೆಯಲಿ.'

"'ಯುವರಾಜರು ನನ್ನ ಜುಟ್ಟನ್ನು ಕಂಬಕ್ಕೆ ಕಟ್ಟುತ್ತಾರೆ.' ಮುದ್ರೆ: 'ಬರೆದಂತೆ ನಡೆಯಲಿ.'

"'ಕಟ್ಟಿದ ಜುಟ್ಟನ್ನು ಕತ್ತರಿಸಿ, ತಮಗೆ ಮೀಸೆ ಮಾಡಿ ಅಂಟಿಸಿಕೊಳ್ಳುತ್ತಾರೆ.' ಮುದ್ರೆ: 'ಬರೆದಂತೆ ನಡೆಯಲಿ!'"

"ಅಪ್ಪಣೆ ಮೀರಲಾದೀತೇ?" ಎಂದರು ಐಗಳು ದೀನರಾಗಿ. "ಅಂದಿನಿಂದ ದಿನಾ ಮಗ್ಗಿ ಮುಗಿದ ಕೂಡಲೇ ನಾನೇ ಹೋಗಿ ಕಂಬದ ಹತ್ತಿರ ಕೂರುತ್ತೇನೆ."

ಈ ಸಲ ಸಭೆಯಲ್ಲಿ ಯಾರೂ ನಗಲಿಲ್ಲ. ನಗು ತಡೆದು ತಡೆದು ಸೇನಾಪತಿಗೆ ಕೆಮ್ಮು ಬಂತು.

ದೊರೆಯ ಮುಖ ಮುದ್ರೆಗಿಂತ ಕೆಂಪಾಯಿತು. "ಹಂಪಯ್ಯ! ಎಲ್ಲಿಯ ಗಾಣದವಳು, ಎಲ್ಲಿಯ ನಾನು! ಅದು ಕುಂಕುಮ, ಇದು ರಾಜಮುದ್ರೆ. ಎರಡೂ ಒಂದೇ ಅನ್ನುತ್ತೀಯಾ?"

"ಛೆ ಛೆ, ಒಂದೇ ಅಂತ ಯಾರಂದರು ಬುದ್ಧಿ? ಕೆಂಪು ಎರಡೂ ಕೆಂಪೇ. ಆದರೆ ತಿಪ್ಪಮ್ಮನಿಗೆ ಓದಲು ಬರುವುದಿಲ್ಲ."

ಮೊದಲು ದೊರೆಯ ಹೊಟ್ಟೆ ಕುಲುಕಿತು, ಹೆಗಲು ಕುಣಿಯಿತು. ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕುಬಿಟ್ಟ.

"ಸೋತೆ ಕಣಯ್ಯಾ! ಆ ಮೂರು ಕಟ್ಟಳೆಯನ್ನೂ ಅಳಿಸಿಹಾಕಿ. ಬೊಮ್ಮಿ ನಾಳೆಯಿಂದ ಶಾಲೆಗೆ ಬರಲಿ. ಐಗಳೇ, ಇನ್ನು ಮೇಲೆ ಅಮಾವಾಸ್ಯೆಯ ರಜೆಗೆ ನೀವೇ ಮನೆಮನೆಗೆ ಹೋಗಿ ಬಾಯಿಬಿಟ್ಟು ಹೇಳಿ. ಮೊದಲು ನನ್ನ ಮನೆಗೇ ಬನ್ನಿ."

"ಆಮೇಲೆ ನಮ್ಮ ಮನೆಗೆ ಬನ್ನಿ ಸ್ವಾಮೀ," ಎಂದಳು ತಿಪ್ಪಮ್ಮ ಕಣ್ಣೊರೆಸಿಕೊಂಡು. "ಓಲೆಗೇ ಹೋಳಿಗೆ ಮಾಡಿದವಳು, ನಿಮಗೆ ಮಾಡಲ್ವಾ?"

"ಹಂಪಯ್ಯ, ನಿನ್ನ ಮೀಸೆ ಉಳಿಯಿತು," ಎಂದ ದೊರೆ. "ಇನಾಮು ಏನು ಬೇಕೋ ಕೇಳು."

"ನನ್ನ ಮೀಸೆ ಉಳಿದದ್ದೇ ಸಾಕು ಬುದ್ಧಿ. ಯುವರಾಜರ ಮೀಸೆಯನ್ನು ಮಾತ್ರ ಐಗಳ ತಲೆಗೆ ವಾಪಸು ಕೊಡಿಸಿ!"